ಹೇಳಿದ್ದು ಕೇಳಿಸಿತೆ

ಟೀಚರಮ್ಮನ ಮಗಳು ನೀರುಪಾಲಾದ ಸುದ್ದಿ ಬೀದಿಗೆ ತಿಳಿದದ್ದು ಒಂದು ಮಧ್ಯಾಹ್ನ. ಜೊತೆಯಲ್ಲಿ ಕೆಲಸ ಮಾಡುವವರೊಂದಿಗೆ ದೊಡ್ಡ ಕೆರೆಗೆ ಹೋಗಿದ್ದಳು. ದೋಣಿ ಮಗುಚಿತು. ಉಳಿದವರೆಲ್ಲ ಹೇಗೋ ದಡ ಸೇರಿದರು, ಅವಳೊಬ್ಬಳು ಸೇರಲಿಲ್ಲ. ಸುದ್ದಿ ತಂದ ಪೊಲೀಸಿನವನು ಬಾಗಿಲಲ್ಲಿ ನಿಂತು, ಹೇಗೆ ಶುರುಮಾಡಬೇಕೆಂದು ತೋಚದೆ, ಅವಳ ಒಂದು ಚಪ್ಪಲಿಯನ್ನು ಹೊಸ್ತಿಲ ಮೇಲಿಟ್ಟ. ಚಪ್ಪಲಿಯಿಂದ ನೀರು ಇಳಿದು ಹೊಸ್ತಿಲು ನೆನೆಯಿತು. ಟೀಚರಮ್ಮ ಅಳಲಿಲ್ಲ.

"ಇನ್ನೊಂದೆಲ್ಲಿ?" ಎಂದು ಕೇಳಿದರು.

ಇನ್ನೊಂದು ಸಿಗಲಿಲ್ಲ. ಮಗಳೂ ಸಿಗಲಿಲ್ಲ. ಬಲೆ ಬೀಸಿದರು, ಮುಳುಗು ಹಾಕುವವರನ್ನು ಕರೆಸಿದರು, ಕೊನೆಗೆ ಕೈಚೆಲ್ಲಿದರು. ಸಂಸ್ಕಾರ ಮಾಡಲು ದೇಹವಿಲ್ಲದ ಸಾವು ಮನೆಯೊಳಗೇ ಕೂತುಬಿಡುತ್ತದೆ. ದೇವರು ಕೊಟ್ಟದ್ದನ್ನು ದೇವರಿಗೆ ಒಪ್ಪಿಸಬೇಕೆಂದರೂ ಕೈಯಲ್ಲಿ ಏನಾದರೂ ಇರಬೇಕಲ್ಲ. ಟೀಚರಮ್ಮನ ಕೈಯಲ್ಲಿ ಉಳಿದದ್ದು ಒಂದು ಒದ್ದೆ ಚಪ್ಪಲಿ, ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲು, ಮೇಜಿನ ಮೇಲೆ ತೆರೆದಿಟ್ಟೇ ಹೋಗಿದ್ದ ಮಗಳ ಲ್ಯಾಪ್‌ಟಾಪ್.

ಅವರು ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟರು. ಊರಾಚೆ, ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದೆ ಒಬ್ಬನಿದ್ದ. ಸತ್ತವರನ್ನು ಹೋಗಗೊಡದೆ ಕಟ್ಟಿಕೊಡುತ್ತಾನೆ ಎಂದು ಅವನ ಬಗ್ಗೆ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಟೀಚರಮ್ಮ ಆ ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಅತ್ತ ನಡೆದುಹೋದದ್ದನ್ನು ಕಂಡವರಿದ್ದರು. ಕಂಡವರು ಮುಖ ತಿರುಗಿಸಿಕೊಂಡರು. ಮಕ್ಕಳಿಗೆ ಅಕ್ಷರ ಕಲಿಸಿದ ಹೆಂಗಸು, ದುಃಖದಲ್ಲಿದ್ದಾಳೆ, ಯಾರು ತಾನೇ ಕೇಳಿಯಾರು?

ಇದ್ಯಾವುದೂ ಗೊತ್ತಿಲ್ಲದವನೊಬ್ಬ ಮುಂದೆ ಅದೇ ಮನೆಯ ಮಹಡಿಗೆ ಬಾಡಿಗೆಗೆ ಬಂದ. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ತುಟಿಗಳ ನಡುವೆ ಒಂದು ಪುಟ್ಟ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದ. ಬೀದಿಯವರು ಅವನಿಗೆ 'ರಿಪೇರಿ' ಎಂದೇ ಹೆಸರಿಟ್ಟರು. ಜೊತೆಗಿದ್ದವಳು ಅವನ ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ತಮ್ಮನನ್ನು ಸಾಕಿದವಳು. ತುಳಿದು ತುಳಿದು ಮೊಣಕಾಲು ಸವೆದಿತ್ತು. ಎಡಗೈಯವಳು, ಸೌಟು, ಕತ್ತರಿ, ಪೊರಕೆ ಎಲ್ಲ ಎಡಗೈಯಲ್ಲೇ. ನಕ್ಕರೆ ಮೂಗಿನಲ್ಲಿ ಗೊರ್ ಎಂದು ಸದ್ದಾಗುತ್ತಿತ್ತು, ಆ ಸದ್ದಿಗೆ ತಾನೇ ಇನ್ನೊಮ್ಮೆ ನಗುತ್ತಿದ್ದಳು. ತಮ್ಮನನ್ನು 'ಗೂಬೆ' ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಡಾಕ್ಟರು ಮಿಷನ್ ತುಳಿಯಬಾರದು ಎಂದ ಮೇಲೆ ಅಕ್ಕ ಮನೆಯಲ್ಲೇ ಕೂತು ಮಾಡುವ ಒಂದು ಕೆಲಸ ಹುಡುಕಿಕೊಂಡಳು. ಯಾರೋ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ಟೈಪ್ ಮಾಡಿ ಕಳಿಸುವುದು. ಅದಕ್ಕೊಂದು ಲ್ಯಾಪ್‌ಟಾಪ್ ಬೇಕಿತ್ತು.

"ಊರಿಗೆಲ್ಲ ರಿಪೇರಿ ಮಾಡ್ತೀಯ, ಮನೇಲೊಂದು ಮಿಷನ್ ಇಲ್ಲ. ನಾಚಿಕೆ ಆಗಲ್ವೇನೋ ಗೂಬೆ?"

"ತರ್ತೀನಿ ಕಣೇ. ಹಳೇದಾದ್ರೂ ಪರವಾಗಿಲ್ವಾ?"

"ನಾನೇ ಹಳೇದು. ನನಗೆ ಹೊಸದ್ಯಾಕೆ?" ಎಂದು ಅಕ್ಕ ಗೊರ್ ಎಂದು ನಕ್ಕಳು.

ಕೆಳಮನೆಯ ಜಗಲಿಯಲ್ಲಿ ಕೂತಿದ್ದ ಟೀಚರಮ್ಮ ಆ ನಗು ಕೇಳಿ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

ಮಾರನೆಯ ದಿನ ಅವರು ರಿಪೇರಿಯನ್ನು ಕೆಳಗೆ ಕರೆದರು. ಫ್ಯೂಸ್ ಹೋಗಿದೆ ಎಂದು ಹೇಳಿ ಕರೆದದ್ದು. ಮೆಟ್ಟಿಲ ಕೆಳಗಿನ ಕತ್ತಲೆಯ ಗೂಡಿನಲ್ಲಿ ಫ್ಯೂಸ್ ಕಟ್ಟುವಾಗ ಬಟ್ಟೆಯಲ್ಲಿ ಸುತ್ತಿಟ್ಟ ಲ್ಯಾಪ್‌ಟಾಪ್ ಅವನ ಮೊಣಕೈಗೆ ತಾಗಿತು. ಹಳೆಯದು, ದಪ್ಪನೆಯದು, ಮೂಲೆ ಒಡೆದದ್ದು. ಅವನ ಕಣ್ಣು ಅದರ ಮೇಲೆ ನಿಂತದ್ದನ್ನು ಟೀಚರಮ್ಮ ನೋಡಿದರು.

"ಬೇಕಾದ್ರೆ ತಗೊಂಡು ಹೋಗಪ್ಪ. ನಿನ್ನಕ್ಕನಿಗೆ ಆಗುತ್ತೆ. ಆದ್ರೆ ಒಂದು ಮಾತು ಹೇಳ್ಬಿಡ್ತೀನಿ. ಅದು ತೀರಿಹೋದ ನನ್ನ ಮಗಳದು, ಅದರೊಳಗಿರೋದನ್ನ ಅಳಿಸಬೇಡ."

"ಅಳಿಸದೆ ಇದ್ರೆ ಇದು ಗುಜರಿಗೆ ಟೀಚರಮ್ಮ. ಇದರಲ್ಲಿರೋ ಸಿಸ್ಟಂ ಇದರ ವಯಸ್ಸಿಗೆ ತಕ್ಕದ್ದಲ್ಲ. ಮುದುಕನ ತಲೆ ಮೇಲೆ ಅಕ್ಕಿ ಮೂಟೆ ಹೊರಿಸಿದ ಹಾಗೆ. ಅದನ್ನ ಇಳಿಸಿ, ಹಗುರದ್ದೊಂದು ಹಾಕ್ಬೇಕು."

"ಹಾಗೇನಾದ್ರೂ ಅಳಿಸಿದ್ರೆ, ಅವಳ ಹೆಸರಿರೋ ಜಾಗದಲ್ಲಿ ಉಸಿರಾಡೋರ ಹೆಸರು ಬರೀಬೇಡ. ಬರೆದ್ರೆ ಅವಳು ಆಚೆ ಬರ್ತಾಳೆ. ಅವರು ಒಳಗೆ ಹೋಗ್ತಾರೆ."

ರಿಪೇರಿ ತುಟಿಯ ಸ್ಕ್ರೂ ಬೀಳುವಷ್ಟು ನಕ್ಕ.

"ಒಳಗೆ ಜಾಗ ಎಲ್ಲಿದೆ ಟೀಚರಮ್ಮ? ಡಿಸ್ಕ್ ತುಂಬಿ ತುಳುಕ್ತಿರುತ್ತೆ."

"ನಗಬೇಡ. ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು."

"ಹಾಗಲ್ಲ. ನನ್ನ ಮುಖ ನೋಡ್ಕೊಂಡು ಹೇಳು."

ಅವನು ಪಾಪ ಎಂದುಕೊಂಡ. ಶಾಲೆಯ ಹುಡುಗನಂತೆ ಕೈಕಟ್ಟಿ, "ನೀವು ಹೇಳಿದ್ದು ನನಗೆ ಕೇಳಿಸ್ತು ಟೀಚರಮ್ಮ" ಎಂದು ರಾಗವಾಗಿ ಹೇಳಿದ. ಆಗ ಮಾತ್ರ ಅವರು ಅದನ್ನೆತ್ತಿ ಅವನ ಕೈಗಿಟ್ಟರು. ಬಟ್ಟೆಯ ಗಂಟಿನಿಂದ ಪಾಚಿಗಟ್ಟಿದ ನೀರಿನ ವಾಸನೆ ಬಂತು.

ರಜೆಯ ದಿನ ಮಧ್ಯಾಹ್ನ ಅವನು ಕೆಲಸಕ್ಕೆ ಕೂತ. ಹೊರಗೆ ರಸ್ತೆಗೆ ಟಾರು ಹಾಕುತ್ತಿದ್ದರು. ಹೊಗೆ ಒಳಗೆ ಬಾರದಿರಲೆಂದು ಅಕ್ಕ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಹಗಲಲ್ಲೇ ಕೋಣೆ ಕತ್ತಲಾಗಿತ್ತು. ಮೊದಲು ಅವನು ಹಳೆಯ ಸಿಸ್ಟಂ ಹೇಗಿದೆಯೆಂದು ಆನ್ ಮಾಡಿ ನೋಡಿದ. ಅದು ಗೊರಗೊರ ಸದ್ದು ಮಾಡುತ್ತ, ನಿಂತು, ಏದುಸಿರು ಬಿಟ್ಟು, ಅಕ್ಕ ಅನ್ನಕ್ಕಿಟ್ಟು ಇಳಿಸುವ ಹೊತ್ತಿಗೆ ತೆರೆದುಕೊಂಡಿತು. ಪರದೆಯ ಮೇಲೆ ಒಬ್ಬ ಹುಡುಗಿಯ ಚಿತ್ರ. ಕುರ್ಚಿಯಲ್ಲಿ ಒಂದು ಕಾಲು ಮಡಚಿ ಕೂತಿದ್ದಾಳೆ. ಹೆಬ್ಬೆರಳಿನ ಉಗುರು ಹಲ್ಲಿನ ನಡುವೆ. ಕೆಳಗೆ ಅವಳ ಹೆಸರು.

"ಅಯ್ಯೋ, ಎಳೇ ಮುಖ. ಚಿತ್ರಗಳನ್ನಾದ್ರೂ ತೆಗೆದಿಟ್ಟು ಟೀಚರಮ್ಮಂಗೆ ಕೊಡೋ," ಎಂದಳು ಅಕ್ಕ.

"ಬೇಡಾಂತ ತಾನೇ ಕೊಟ್ಟಿದ್ದು? ಸುಮ್ನಿರು."

ಆಫ್ ಮಾಡಿ, ಮಗುಚಿ, ಹಿಂದಿನ ಮುಚ್ಚಳ ಬಿಚ್ಚಿದ. ಫ್ಯಾನಿನ ತುಂಬ ಧೂಳು, ಹತ್ತಿಯ ಹಾಗೆ. ಅದನ್ನು ಬ್ರಷ್ಷಿನಿಂದ ತೆಗೆದ. ಸಿ.ಡಿ. ಹಾಕುವ ಡಬ್ಬಿಯನ್ನು ಯಾರೋ ತೆಗೆದಿದ್ದರು, ಆ ಜಾಗ ಖಾಲಿಯಿರಬೇಕಿತ್ತು. ಖಾಲಿಯಿರಲಿಲ್ಲ. ಅಲ್ಲಿ ತಾಮ್ರದ ತಗಡಿನ ತುಂಡೊಂದಿತ್ತು. ಅದರ ಸುತ್ತ ಉದ್ದನೆಯ ಕೂದಲು. ಕೂದಲ ಸುತ್ತ ಕಪ್ಪು ದಾರ. ಗಂಟಿನೊಳಗೆ ಚಂದ್ರನ ಚೂರುಗಳಂತೆ ಕತ್ತರಿಸಿದ ಉಗುರುಗಳು. ಇಷ್ಟು ಕಾಲವಾದರೂ ಕೂದಲು ಒದ್ದೆಯಾಗಿತ್ತು.

ಅಕ್ಕ ಹಿಂದಕ್ಕೆ ಸರಿದಳು. "ಮುಟ್ಟಬೇಡ್ವೋ. ಮುಚ್ಚಿ ವಾಪಸ್ ಕೊಟ್ಬಿಡು. ನನಗೆ ಈ ಕೆಲಸವೇ ಬೇಡ."

"ಇಷ್ಟು ದೊಡ್ಡವಳಾಗಿ ಕೂದಲಿಗೆ ಹೆದರ್ತೀಯಲ್ಲೇ! ನಿನ್ನ ಹೊಲಿಗೆ ಮಿಷನ್ ಬಿಚ್ಚಿದ್ರೆ ಇದರಪ್ಪನಂಥದ್ದು ಸಿಗುತ್ತೆ. ಇರ್ಲಿ, ಕೆಲಸ ಮುಗಿಸಿ ಇದಕ್ಕೊಂದು ಗತಿ ಕಾಣಿಸ್ತೀನಿ." ಗಂಟನ್ನು ಬೆರಳ ತುದಿಯಿಂದ ಒಳಕ್ಕೆ ತಳ್ಳಿ ಮುಚ್ಚಳ ಹಾಕಿದ.

ಪೆನ್‌ಡ್ರೈವ್ ಚುಚ್ಚಿದ. ಅವನು ಆರಿಸಿದ್ದು ತಕ್ಕದ್ದೇ. ಹಳೆಯ ಯಂತ್ರಗಳಿಗೆಂದೇ ಮಾಡಿದ, ಪುಕ್ಕಟೆ ಸಿಗುವ, ಹಗುರವಾದ ಸಿಸ್ಟಂ. ಅಂಗಡಿಯಲ್ಲಿ ಕಣ್ಣುಮುಚ್ಚಿ ಹಾಕುತ್ತಿದ್ದ. ಕಣ್ಣುಮುಚ್ಚಿ ಎಂದರೆ ನಿಜವಾಗಿಯೂ ಹಾಗೆಯೇ. ಪರದೆಯ ಮೇಲೆ ಎಚ್ಚರಿಕೆಯ ಚೌಕಗಳು ಒಂದಾದ ಮೇಲೊಂದು ಬರುತ್ತವೆ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಮುಂದುವರಿಯಲೇ? ಆ ಕೆಲಸದವರು ಯಾರೂ ಅದನ್ನು ಓದುವುದಿಲ್ಲ. ಬೆರಳು ಎಂಟರ್ ಗುಂಡಿಯ ಮೇಲೇ ಇರುತ್ತದೆ. ಚೌಕ ಬರುವ ಮೊದಲೇ ಒತ್ತಿರುತ್ತಾರೆ. ರಿಪೇರಿ ಗೋಡೆಯ ಕಡೆ ನೋಡುತ್ತ, ಯಾವುದೋ ಹಾಡು ಗುನುಗುತ್ತ ಒತ್ತುತ್ತಾ ಹೋದ.

"ಲೋ, ನಿಲ್ಲೋ! ಅದೇನೋ ಬರ್ದಿತ್ತು."

"ಎಲ್ಲದರಲ್ಲೂ ಬರ್ದಿರುತ್ತೆ. ಓದ್ತಾ ಕೂತ್ರೆ ಕೆಲಸ ಆಗುತ್ತಾ?"

"ಮಿಕ್ಕಿದ್ದೆಲ್ಲ ಇಂಗ್ಲಿಷ್‌ನಲ್ಲಿತ್ತು. ಅದೊಂದು ನಮ್ಮ ಭಾಷೇಲಿತ್ತು ಕಣೋ. 'ಹೇಳಿದ್ದು ಕೇಳಿಸಿತೆ?' ಅಂತಿತ್ತು. ನೀನು ಹೌದು ಅಂತ ಒತ್ತಿಬಿಟ್ಟೆ."

ಅವನು ಪರದೆ ನೋಡಿದ. ಅಲ್ಲಿ ಎಂದಿನಂತೆ ಹೆಸರು ಕೇಳುವ ಚೌಕ ಮಾತ್ರ ಇತ್ತು. ಯಂತ್ರದ ಯಜಮಾನರ ಹೆಸರು.

"ನಿನಗೆ ಕಣ್ಣು ಮಂಜಾಗಿದೆ," ಎಂದು ಅಕ್ಕನ ಹೆಸರನ್ನು ಟೈಪ್ ಮಾಡಿದ. ಪೂರ್ತಿ ಹೆಸರು, ಅಪ್ಪ ಇಟ್ಟದ್ದು, ಅಕ್ಷರ ಬಿಡದೆ. "ನೋಡು. ಇವತ್ತಿಂದ ಇದಕ್ಕೆ ನೀನೇ ಯಜಮಾನಿ."

ತನ್ನ ಹೆಸರನ್ನು ಬೆಳಕಿನಲ್ಲಿ ಬರೆದದ್ದು ನೋಡಿ ಅಕ್ಕನ ಮುಖವೂ ಅರಳಿತು. ಎಂಟರ್ ಒತ್ತಿದ.

ಪರದೆಯ ಕೆಳಗೆ ಬಿಳಿಯ ಪಟ್ಟಿ ಮೆಲ್ಲಗೆ ತುಂಬತೊಡಗಿತು. ಈಗಷ್ಟೇ ಧೂಳು ತೆಗೆದ ಫ್ಯಾನ್ ಸದ್ದು ಮಾಡಬಾರದಿತ್ತು. ಮಾಡಿತು. ತಿರುಗುವ ಸದ್ದಲ್ಲ, ಎಳೆದುಕೊಳ್ಳುವ ಸದ್ದು. ಮುಳುಗಿದವರು ಮೇಲೆ ಬಂದು ಮೊದಲ ಉಸಿರೆಳೆಯುವಾಗಿನ ಸದ್ದು. ಅಕ್ಕ ಕೆಮ್ಮಿದಳು. ಟಾರಿನ ಹೊಗೆಯೆಂದು ಇಬ್ಬರೂ ಅಂದುಕೊಂಡರು. ಕೆಮ್ಮಿದಾಗ ಅವಳ ಬಾಯಿಂದ ಒಂದಿಷ್ಟು ನೀರು ಬಂತು. ನೀರಿನಲ್ಲಿ ಹಸಿರು ಎಳೆಯೊಂದಿತ್ತು.

ಕೆಲಸ ಮುಗಿಯಿತು. ಯಂತ್ರ ಹುಡುಗನಂತೆ ಓಡಿತು. ರಿಪೇರಿ ಗಂಟನ್ನು ಹೊರತೆಗೆದು ಹಿತ್ತಲಿಗೆ ಒಯ್ದು ಕಡ್ಡಿ ಗೀರಿದ. ಒದ್ದೆ ಕೂದಲು ಹಿಸ್ಸೆಂದು ಉರಿಯಿತು. ಸುಟ್ಟ ಕೂದಲ ವಾಸನೆ, ಅದರೊಳಗೆ ಕೆರೆಯ ವಾಸನೆ. ಕೆಳಮನೆಯ ಕಿಟಕಿಯಲ್ಲಿ ಟೀಚರಮ್ಮ ನಿಂತಿದ್ದರು. ಅವನು ಕೈಬೀಸಿದ. ಅವರೂ ಬೀಸಿದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗುವಿತ್ತು.

ಮೊದಮೊದಲು ಅವನ ಗಮನಕ್ಕೆ ಬರಲಿಲ್ಲ. ಅಕ್ಕ ಸುಮ್ಮನಿರತೊಡಗಿದ್ದಳು, ಹೊಸ ಕೆಲಸದ ದಣಿವು ಎಂದುಕೊಂಡ. ಅವಳ ಕೂದಲು ಒಣಗುತ್ತಿರಲಿಲ್ಲ, ಈಗಷ್ಟೇ ಮಿಂದಿದ್ದಾಳೆ ಎಂದುಕೊಂಡ. ದಿಂಬು ಒದ್ದೆಯಾಗಿತ್ತು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವಳು ಸೌಟನ್ನು ಬಲಗೈಗೆ ತೆಗೆದುಕೊಂಡಳು. ಬಡಿಸುವಾಗ ಒಂದು ಹನಿ ಚೆಲ್ಲಲಿಲ್ಲ.

"ಏನೇ, ಕೈ ಬದಲಾಯಿಸಿದೀಯ?"

"ಯಾಕೆ? ಎಲ್ಲರೂ ಹೀಗೇ ಅಲ್ವಾ ಬಡಿಸೋದು?"

ಅವನು ತುತ್ತನ್ನು ತಟ್ಟೆಗೆ ಹಾಕಿ ಅವಳನ್ನು ನೋಡಿದ. ಸವೆದ ಮೊಣಕಾಲಿನ ಅಕ್ಕ, ನೆಲದ ಮೇಲೆ ಕೂರಲೂ ನರಳುತ್ತಿದ್ದವಳು, ಕುರ್ಚಿಯಲ್ಲಿ ಒಂದು ಕಾಲು ಮಡಚಿ ಆರಾಮವಾಗಿ ಕೂತಿದ್ದಳು. ಹೆಬ್ಬೆರಳ ಉಗುರು ಹಲ್ಲಿನ ನಡುವೆ.

"ಅಕ್ಕಾ, ನನ್ನನ್ನ ಏನಂತ ಕರೀತೀಯ ನೀನು?"

ಅವಳು ಯೋಚಿಸಿದಳು. ಪರೀಕ್ಷೆಯಲ್ಲಿ ಉತ್ತರ ಹುಡುಕುವವಳಂತೆ ಕಣ್ಣು ಮೇಲೆ ಮಾಡಿ ಯೋಚಿಸಿದಳು. ಆಮೇಲೆ ನಾಚಿಕೆಯಿಂದ ನಕ್ಕಳು. ಮೂಗಿನಲ್ಲಿ ಸದ್ದಾಗಲಿಲ್ಲ.

"ಅಣ್ಣ ಅಂತ ತಾನೇ?"

ಆ ದಿನದಿಂದ ಅವಳು ಕೆಳಮನೆಯಲ್ಲೇ ಇರತೊಡಗಿದಳು. ಕೂಡಿಬಂದ ನಂಟು ನೋಡಿ ಬೀದಿಯವರಿಗೆ ಸಂತೋಷ. ಬಾಡಿಗೆಯವರ ಹುಡುಗಿ ಟೀಚರಮ್ಮನನ್ನು ಹೆತ್ತತಾಯಿಯಂತೆ ನೋಡಿಕೊಳ್ಳುತ್ತಾಳೆ, ದೇವರು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಟ್ಟ, ಎಂದು ಆಡಿಕೊಂಡರು. ದೇವರ ಕೈ ಅದರಲ್ಲಿ ಇರಲಿಲ್ಲ.

ಲ್ಯಾಪ್‌ಟಾಪ್ ಮಹಡಿಯಲ್ಲೇ ಉಳಿಯಿತು. ಕೆಲಸ ಕೊಟ್ಟವರು ಟೈಪ್ ಆಗಿ ಬಂದದ್ದೆಲ್ಲ ಖಾಲಿ ಹಾಳೆಗಳೆಂದು ದೂರಿದರು. ಏನಾಗಿದೆಯೋ ನೋಡೋಣವೆಂದು ರಿಪೇರಿ ಒಂದು ಸಂಜೆ ಅದರ ಮುಂದೆ ಕೂತ. ತೆರೆದರೆ ಪರದೆಯ ಮೇಲೆ ಅವನು ಹಾಕದ ಚಿತ್ರವೊಂದಿತ್ತು. ಪೂರ್ತಿ ಕಡು ಹಸಿರು. ಚಿತ್ರ ಹಾಳಾಗಿದೆ ಎಂದುಕೊಂಡು ಹತ್ತಿರ ಬಾಗಿದ. ಹಸಿರಿನ ಆಳದಲ್ಲಿ ಬೆಳ್ಳಗೆ ಏನೋ ಇತ್ತು. ಅಂಗೈ. ಎಡಗೈ. ಒಳಗಿನಿಂದ ಗಾಜಿಗೆ ಒತ್ತಿಕೊಂಡಂತೆ.

ಕಿವಿಗೆ ಹಾಕಿಕೊಳ್ಳುವ ವೈರನ್ನು ಎತ್ತಿಕೊಂಡ. ಅಕ್ಕ ಟೈಪ್ ಮಾಡಬೇಕಿದ್ದ ರೆಕಾರ್ಡಿಂಗ್ ಒಂದನ್ನು ಹಾಕಿದ. ಮೊದಲು ಗುಳಗುಳ ನೀರಿನ ಸದ್ದು. ಆಮೇಲೆ, ಬಲು ದೂರದಿಂದ, ಬಾಯಿ ತುಂಬ ನೀರು ತುಂಬಿಕೊಂಡ ದನಿ.

"ಗೂಬೆ... ಎಲ್ಲಿದೀಯೋ ಗೂಬೆ... ಕತ್ಲೆ ಕಣೋ... ಕಾಲಿಗೆ ನೆಲ ಸಿಗ್ತಿಲ್ಲ..."

ಅವನು ಚೀರಿದ. ವೈರನ್ನು ಕಿತ್ತೆಸೆದ. ಮೆಟ್ಟಿಲಿಳಿದದ್ದು ಅವನಿಗೆ ಗೊತ್ತಿಲ್ಲ. ಕೆಳಮನೆಯ ಬಾಗಿಲು ತೆರೆದೇ ಇತ್ತು. ಟೀಚರಮ್ಮ ಕುರ್ಚಿಯಲ್ಲಿ ಕೂತು, ಕಾಲ ಬಳಿ ಕೂತ ಅಕ್ಕನ ಒದ್ದೆ ತಲೆ ಬಾಚುತ್ತಿದ್ದರು. ಬಾಚಿದಾಗಲೆಲ್ಲ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಯ ಬದಿಯಲ್ಲಿ ಆ ಒಂಟಿ ಚಪ್ಪಲಿಯ ಜೊತೆಗೆ ಇನ್ನೊಂದಿತ್ತು. ಕೆಸರು ಮೆತ್ತಿದ್ದು, ಆದರೆ ಜೊತೆಯದೇ.

"ಏನ್ ಮಾಡಿದ್ರಿ? ನಮ್ಮಕ್ಕನ್ನ ಏನ್ ಮಾಡಿದ್ರಿ?"

"ನಾನೇನು ಮಾಡ್ದೆ ಅಪ್ಪ? ಮಾಡಿದ್ದೆಲ್ಲ ನೀನೇ. ನಾನು ಬೇಡ ಅಂತ ಹೇಳಿದ್ದೆ."

"ಹೇಳಿದ್ರಿ, ಆದ್ರೆ..."

"ಹೇಳಲೇಬೇಕಿತ್ತು." ಟೀಚರಮ್ಮನ ದನಿ ಪಾಠ ಒಪ್ಪಿಸಿಕೊಳ್ಳುವವರ ದನಿಯಂತೆ ಶಾಂತವಾಗಿತ್ತು. "ಹೇಳದೆ ಕೊಟ್ರೆ ಕಟ್ಟು ಫಲಿಸಲ್ಲ ಅಂದಿದ್ದ ಇಟ್ಟಿಗೆ ಗೂಡಿನ ಹಿಂದಿನವನು. ಎಚ್ಚರಿಕೆ ಕೊಡ್ಬೇಕು. ಕೇಳಿಸ್ತು ಅಂತ ಅವರ ಬಾಯಲ್ಲೇ ಅನ್ನಿಸ್ಬೇಕು. ಆಮೇಲೆ ಅವರೇ ನಕ್ಕೊಂಡು ಮಾಡ್ಬೇಕು. ಹಿಂದೆ ಇದ್ದ ಬಾಡಿಗೆಯವರಿಗೂ ಹೇಳಿದ್ದೆ. ಹೆದ್ರಿ ಮನೆ ಬಿಟ್ರು. ನೀನೊಬ್ಬ ನಕ್ಕೆ. ದೇವರಂತೆ ಬಂದೆ."

ಅವನು ಅವರ ಕಾಲು ಹಿಡಿದುಕೊಂಡ. ಕಾಲುಗಳೂ ಒದ್ದೆಯಾಗಿದ್ದವು.

"ವಾಪಸ್ ಮಾಡ್ಕೊಡಿ. ಮತ್ತೆ ಅಳಿಸ್ತೀನಿ. ನಿಮ್ಮ ಮಗಳ ಹೆಸರೇ ಬರೀತೀನಿ. ಇಲ್ಲ, ನನ್ನ ಹೆಸರು ಬರೀತೀನಿ. ನಾನು ಹೋಗ್ತೀನಿ ಒಳಗೆ."

"ಅಳಿಸಿದ್ರೂ ನನ್ನ ಮಗಳು ಅಳಿದುಹೋಗದ ಹಾಗೆ ಹಿಡಿದಿಟ್ಟಿದ್ದು ಆ ಕೂದಲ ಗಂಟು ಕಣಪ್ಪ. ಅದು ಇದ್ದಿದ್ರೆ ನಿನ್ನಕ್ಕನ್ನೂ ಹಿಡೀತಿತ್ತೋ ಏನೋ. ನೀನು ಹಿತ್ತಲಲ್ಲಿ ಸುಟ್ಟೆ. ಕಿಟಕೀಲಿ ನಿಂತು ನೋಡ್ದೆ. ಇನ್ನೊಂದು ಕಟ್ಟೋಕೆ ಆ ಗೂಡಿನವನೂ ಬದುಕಿಲ್ಲ." ಅವರು ಬಾಚಣಿಗೆಯಲ್ಲಿ ಸಿಕ್ಕ ಹಸಿರು ಎಳೆಯನ್ನು ಬಿಡಿಸಿ ಒರೆಸಿದರು. "ಮುಟ್ಟಿ ನೋಡು. ಬಂದಾಗ ಮಂಜುಗಡ್ಡೆ ಹಾಗಿದ್ಲು. ಈಗ ದಿನಾ ಒಂಚೂರು ಬೆಚ್ಚಗಾಗ್ತಿದಾಳೆ."

ಕಾಲ ಬಳಿ ಕೂತವಳು ಅಕ್ಕನ ಮುಖ ಎತ್ತಿ ಅಕ್ಕನ ಕಣ್ಣಿನಿಂದ ಅವನನ್ನು ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ, ಪ್ರೀತಿಯೂ ಇರಲಿಲ್ಲ. ದಾರಿಯಲ್ಲಿ ಅಡ್ಡ ಬಂದವನನ್ನು ನೋಡುವ ನೋಟ.

"ಅಣ್ಣಾ, ಅದು ಹಳೇದಾಯ್ತು. ಬಿಸಾಕ್ಬಿಡಿ. ಅದರ ಕೂಗಿಗೆ ಅಮ್ಮಂಗೆ ನಿದ್ದೆ ಬರಲ್ಲ."

ಅವನು ಮೇಲೆ ಓಡಿದ. ಮುದುಕಿ ಸುಳ್ಳು ಹೇಳುತ್ತಾಳೆ. ಸುಳ್ಳೇ ಇರಬೇಕು. ಪೆನ್‌ಡ್ರೈವ್ ಹುಡುಕಿದ. ಚುಚ್ಚಿದ. ಬೆರಳು ಎಂಟರ್ ಮೇಲೆ ಹೋಯಿತು. ಅಭ್ಯಾಸದಂತೆ ಹೋಯಿತು. ಪರದೆಯ ಮೇಲೆ ಚೌಕ ಬಂತು. ಅವನು ಕೈ ಹಿಂದಕ್ಕೆಳೆದುಕೊಂಡ. ಜೀವನದಲ್ಲಿ ಮೊದಲ ಸಲ ಓದಿದ.

'ಒಳಗೆ ಒಬ್ಬರಿದ್ದಾರೆ. ಮುಂದುವರಿದರೆ ಅವರು ಉಳಿಯುವುದಿಲ್ಲ. ಹೇಳಿದ್ದು ಕೇಳಿಸಿತೆ?'

ಮತ್ತೆ ಓದಿದ. ಅಕ್ಷರಗಳು ಬದಲಾಗಲಿಲ್ಲ. ಫ್ಯಾನ್ ಉಸಿರಾಡುತ್ತಿತ್ತು. ಎಳೆದುಕೊಂಡಿತು. ಬಿಟ್ಟಿತು. ಎಳೆದುಕೊಂಡಿತು. ಅದು ಅಕ್ಕನ ಉಸಿರು. ಜ್ವರ ಬಂದಾಗ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು. ಅವನು ಪೆನ್‌ಡ್ರೈವನ್ನು ಕಿತ್ತ. ಕೈ ಕಚ್ಚಿಕೊಂಡು ಅತ್ತ.

ಅಲ್ಲಿಂದ ಅವನು ಬದುಕಿದ್ದು ಆ ಯಂತ್ರವನ್ನು ಬದುಕಿಸಲು. ಬ್ಯಾಟರಿ ಸತ್ತಿತ್ತು, ಕರೆಂಟು ಹೋದರೆ ಅಕ್ಕನ ಗತಿಯೇನೆಂದು ಎಲ್ಲೆಲ್ಲಿಂದಲೋ ಹಳೆಯ ಬ್ಯಾಟರಿ ಹುಡುಕಿ ತಂದು ಹಾಕಿದ. ಫ್ಯಾನಿಗೆ ಎಣ್ಣೆ ಬಿಟ್ಟ. ಪ್ರತಿದಿನ ಬ್ರಷ್ಷಿನಿಂದ ಧೂಳು ತೆಗೆದ, ತಾಯಿ ಕೂಸಿನ ಕಿವಿ ಒರೆಸುವಂತೆ. ಅಂಗಡಿಯ ಕೆಲಸ ಹೋಯಿತು. ತುಟಿಯ ಸ್ಕ್ರೂ ಎಲ್ಲಿ ಬಿತ್ತೋ. ಹೊತ್ತು ಸಿಕ್ಕಾಗಲೆಲ್ಲ ಕಿವಿಗೆ ವೈರ್ ಹಾಕಿಕೊಂಡು ಅಕ್ಕನ ದನಿಗೆ ಕಾಯುತ್ತಿದ್ದ. "ಇಲ್ಲೇ ಇದೀನಿ ಕಣೇ," ಎನ್ನುತ್ತಿದ್ದ. ಅವಳಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕಿಟಕಿಯಿಂದ ಬಗ್ಗಿದರೆ ಕೆಳಗೆ ಅಂಗಳದಲ್ಲಿ ಅಕ್ಕನ ದೇಹ ತಾಯಿಯ ಹೆಗಲಿಗೆ ತಲೆಯಿಟ್ಟು ಬಿಸಿಲು ಕಾಯುತ್ತಿರುತ್ತಿತ್ತು. ಅದರ ಕೆನ್ನೆಗೆ ಬಣ್ಣ ಬರುತ್ತಿತ್ತು.

ಆದರೆ ಹಳೆಯದು ಹಳೆಯದೇ. ಎಷ್ಟು ಹಗುರದ್ದು ಹಾಕಿದರೂ ಹಾರ್ಡ್ ಡಿಸ್ಕಿನ ಆಯುಸ್ಸು ಮುಗಿಯುತ್ತ ಬಂದಿತ್ತು. ಒಳಗೆ ಟಿಕ್ ಟಿಕ್ ಎಂದು ಹಲ್ಲು ಕಡಿಯುವಂಥ ಸದ್ದು ಶುರುವಾಯಿತು. ಆ ಸದ್ದಿನ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮಾತು ತುಂಡಾಗತೊಡಗಿತು. ನಡುನಡುವೆ ಪದಗಳು ಮಾಯವಾದವು. ಅವಳು ಒಟ್ಟಿಗೆ ಹೋಗುತ್ತಿರಲಿಲ್ಲ, ಚೂರುಚೂರಾಗಿ ಹೋಗುತ್ತಿದ್ದಳು. ಒಂದು ದಿನ ಅಪ್ಪನ ಮುಖ ಮರೆತಳು. ಇನ್ನೊಂದು ದಿನ ತಾನು ಯಾರೆಂದು ಕೇಳಿದಳು. ನೀರು, ಕತ್ತಲೆ, ಚಳಿ ಇವನ್ನು ಮಾತ್ರ ಮರೆಯಲಿಲ್ಲ.

"ಗೂಬೆ..." ಎಂದಿತು ದನಿ ಒಂದು ಬೆಳಗ್ಗೆ. ಬಹಳ ಕಷ್ಟಪಟ್ಟು, ಪದಗಳನ್ನು ಕೆಸರಿನಿಂದ ಎತ್ತಿ ತರುವಂತೆ. "ಸಾಕು ಕಣೋ... ಕಳಿಸ್ಬಿಡು... ಈ ಹೆಸರೂ ಮರೆಯೋಕ್ಕೆ ಮುಂಚೆ... ಕಳಿಸ್ಬಿಡೋ..."

ಅವನು ಇಡೀ ಹಗಲು ಕೂತಿದ್ದ. ಸಂಜೆಯ ಬೆಳಕು ಗೋಡೆಯಿಂದ ಇಳಿಯುವಾಗ ಪೆನ್‌ಡ್ರೈವ್ ಚುಚ್ಚಿದ. ಚೌಕ ಬಂತು. ಓದಿದ. ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಓದಿದ. 'ಹೇಳಿದ್ದು ಕೇಳಿಸಿತೆ?'

"ಕೇಳಿಸ್ತು," ಎಂದ.

ಕಿವಿಯಲ್ಲಿ ಅಕ್ಕ ಇದ್ದಳು. ಒತ್ತಿದ. ಬಿಳಿ ಪಟ್ಟಿ ಹೊರಟಿತು. ಫ್ಯಾನ್ ಎಳೆದುಕೊಂಡಿತು. "ಗೂಬೆ," ಎಂದಿತು ದನಿ. ಬಿಟ್ಟಿತು. ಎಳೆದುಕೊಂಡಿತು. "ಗೂ..." ಎಂದಿತು. ಪಟ್ಟಿ ತುಂಬಿತು. ಫ್ಯಾನ್ ನಿಂತಿತು. ಎಲ್ಲ ನಿಂತಿತು. ಪರದೆಯ ಮೇಲೆ ಹೆಸರು ಕೇಳುವ ಚೌಕ ತೆರೆದುಕೊಂಡು ಕಾಯುತ್ತಿತ್ತು. ಅವನು ಮುಚ್ಚಳ ಮುಚ್ಚಿದ.

ಅದೇ ಹೊತ್ತಿಗೆ ಕೆಳಮನೆಯಿಂದ ನಗು ಕೇಳಿಸಿತು. ಅಕ್ಕನ ಗಂಟಲಿನ ನಗು. ಮೂಗಿನಲ್ಲಿ ಗೊರ್ ಎನ್ನುವ ಸದ್ದಿಲ್ಲದ, ನುಣ್ಣನೆಯ, ಬೆಚ್ಚಗಿನ ನಗು. ತಲೆಗೂದಲು ಒಣಗಿತ್ತು ಎಂದು ಬೀದಿಯವರು ಮಾರನೆಯ ದಿನ ಹೇಳಿದರು. ಹುಡುಗಿ ಎಷ್ಟು ಲಕ್ಷಣವಾಗಿ ಕಾಣುತ್ತಾಳೆ ಎಂದರು.

ಸಂಸ್ಕಾರ ಮಾಡಬೇಕೆಂದು ಅವನು ದೇವಸ್ಥಾನದ ಅರ್ಚಕರ ಹತ್ತಿರ ಹೋದ. ಯಾರು ಹೋದದ್ದು ಎಂದು ಅರ್ಚಕರು ಕೇಳಿದರು. ಅಕ್ಕ ಎಂದ. ಅವರು ಅವನ ಹೆಗಲ ಮೇಲಿಂದ ರಸ್ತೆ ನೋಡಿದರು. ರಸ್ತೆಯಲ್ಲಿ ಅಕ್ಕ ಟೀಚರಮ್ಮನ ಕೈಹಿಡಿದು ನಡೆದು ಬರುತ್ತಿದ್ದಳು.

"ಎದುರಿಗೆ ಬರ್ತಿರೋರಿಗೆ ಸಂಸ್ಕಾರ ಮಾಡ್ತೀಯೇನಪ್ಪ? ಮನೆಗೆ ಹೋಗು. ಒಂಚೂರು ನಿದ್ದೆ ಮಾಡು," ಎಂದರು ಅರ್ಚಕರು, ಕನಿಕರದಿಂದ.

ದೇಹವಿಲ್ಲದ ಸಾವು ಈಗ ಅವನ ಕೋಣೆಯಲ್ಲಿ ಕೂತಿತ್ತು. ಅವನು ಮಹಡಿಗೆ ಹೋದ. ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಎಡಗೈಗೆ ಹೊಂದುವ ಅವಳ ಕತ್ತರಿಯನ್ನಿಟ್ಟ. ಪಕ್ಕದಲ್ಲಿ ದೀಪ ಹಚ್ಚಿದ. ಯಾವತ್ತೂ ಕೈಮುಗಿಯದವನಿಗೆ ಕೈ ಹೇಗೆ ಜೋಡಿಸಬೇಕೆಂದು ತಿಳಿಯಲಿಲ್ಲ. ಅಕ್ಕ ಮಾಡುತ್ತಿದ್ದುದನ್ನು ನೆನಪು ಮಾಡಿಕೊಂಡು ಹಾಗೆಯೇ ಜೋಡಿಸಿದ.

"ದೇವರೇ, ಅವಳ ಹೆಸರು ನಿನಗೆ ಗೊತ್ತು. ನಾನು ಇನ್ನೆಲ್ಲೂ ಬರೆಯಲ್ಲ. ಅವಳಿಗೆ ಮಣ್ಣು ಸಿಗಲಿಲ್ಲ, ಬೆಂಕಿ ಸಿಗಲಿಲ್ಲ, ಅಳೋರೂ ಸಿಗಲಿಲ್ಲ, ನಾನೊಬ್ಬನೇ. ಅವಳು ಮರೆತದ್ದನ್ನೆಲ್ಲ ಅವಳಿಗೆ ವಾಪಸ್ ಕೊಡು. ಕಾಲಿಗೆ ನೆಲ ಕೊಡು. ಮೊಣಕಾಲು ನೋಯದ ಹಾಗೆ ನೋಡ್ಕೋ. ಇನ್ನು ಅವಳಿಗೆ ನೀರು ಬೇಡ, ಕತ್ತಲೆ ಬೇಡ. ಬೆಚ್ಚಗಿರೋ ಕಡೆ ಮಲಗಿಸು. ಅವಳಿಗೆ ಶಾಂತಿ ಕೊಡು ದೇವರೇ, ಶಾಂತಿ ಕೊಡು."